ಗಂಟು ಮುಂದೆ, ಗಂಡ ಹಿಂದೆ

ಶಿವಮೊಗ್ಗದ ಹೊಸಮನೆ ಬಡಾವಣೆಯ ನಿರಂಜನ ಯಾವುದನ್ನೂ ನಂಬುವುದಿಲ್ಲ ಎಂಬುದನ್ನು ಹೊಸಮನೆ ಪೂರ್ತಿ ನಂಬಿತ್ತು. ನಂಬಿಸಿದವನೂ ಅವನೇ. ಬೆಕ್ಕು ಅಡ್ಡ ಬಂದರೆ ಸ್ಕೂಟರ್ ನಿಲ್ಲಿಸಿ, ಅದು ವಾಪಸ್ ಬಂದು ಇನ್ನೊಂದು ಸಲ ಅಡ್ಡ ಹೋಗಲಿ ಎಂದು ಕಾಯುತ್ತಿದ್ದ. ಇವನನ್ನು ಕಂಡರೆ ಬೆಕ್ಕುಗಳೇ ಅಪಶಕುನವೆಂದು ಕಾಂಪೌಂಡು ಹಾರುತ್ತಿದ್ದವು. ಅಮಾವಾಸ್ಯೆಯ ದಿನವೇ ಅವನ ಕ್ಷೌರ, ರಾಹುಕಾಲದಲ್ಲೇ ಅಂಗಡಿಯ ಶಟರ್. ಹೆಂಡತಿ ಭವಾನಿ ಸ್ಕೂಟರಿಗೆ ನಿಂಬೆಹಣ್ಣು ಕಟ್ಟಿದರೆ ಅದನ್ನು ಬಿಚ್ಚಿ ಶರಬತ್ತು ಮಾಡಿಕೊಂಡು ಕುಡಿದು, "ಈಗ ದೃಷ್ಟಿ ಒಳಗಿಂದಲೇ ಹೋಗುತ್ತೆ ಬಿಡು" ಎನ್ನುತ್ತಿದ್ದ. ಹೀಗೆ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಭವಾನಿಯ ಒಂದೊಂದೇ ನಂಬಿಕೆಯನ್ನು ಹಿಂಡಿ ಶರಬತ್ತು ಮಾಡಿದ ಗಂಡಸು ಅವನು.

ಗಾಂಧಿ ಬಜಾರಿನಲ್ಲಿ ಅವನದು ಪೈಪು, ನಲ್ಲಿಗಳ ಅಂಗಡಿ. "ಅಂಗಡೀಲಿ ನಲ್ಲಿ, ಮನೇಲಿ ನಲ್ಲೆ. ಎರಡನ್ನೂ ಜಾಸ್ತಿ ತಿರುಗಿಸಬಾರದು" ಎಂಬ ಚಟಾಕಿಯನ್ನು ಪ್ರತಿ ಗಿರಾಕಿಗೂ ಮಾಲಿನ ಜೊತೆ ಪುಕ್ಕಟೆ ಕೊಡುತ್ತಿದ್ದ. ಆ ವರ್ಷ ಪೈಪ್ ಕಂಪನಿಯವರು, ಹೆಚ್ಚು ಮಾಲು ಎತ್ತಿದ ಡೀಲರುಗಳನ್ನು ಹೆಂಡಿರ ಸಮೇತ ಲಿಸ್ಬನ್ನಿಗೆ ಕರೆದೊಯ್ಯುವ ಸ್ಕೀಮು ಹಾಕಿದರು. ಲಿಸ್ಬನ್ ಎಂದರೆ ಪೋರ್ಚುಗಲ್ಲಿನ ರಾಜಧಾನಿ, ನದಿ ಸಮುದ್ರ ಸೇರುವಲ್ಲಿ ಏಳು ಗುಡ್ಡಗಳ ಮೇಲೆ ಕೂತ ಊರು. ಕಂಪನಿಯೇ ಇಡೀ ವಿಮಾನ ಗೊತ್ತು ಮಾಡಿತ್ತು. ಬೆಂಗಳೂರಲ್ಲಿ ಹತ್ತಿದರೆ ಲಿಸ್ಬನ್ನಲ್ಲೇ ಇಳಿಯುವುದು, ಹನ್ನೊಂದು ಗಂಟೆ ನಾನ್‌ಸ್ಟಾಪ್. ನಿರಂಜನ ಆ 'ನಾನ್‌ಸ್ಟಾಪ್' ಎಂಬ ಪದವನ್ನು ಹೊಸಮನೆಯ ಮನೆಮನೆಗೂ ಹಂಚಿ ಬಂದ, ಅದೂ ನಾನ್‌ಸ್ಟಾಪ್ ಆಗಿ.

ಸುದ್ದಿ ಭದ್ರಾವತಿಗೂ ಮುಟ್ಟಿತು. ಅಲ್ಲಿ ಅವನ ಸೋದರಮಾವ ಹಿರಿಯಣ್ಣನವರು ಇದ್ದರು. ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ಮೂವತ್ತೈದು ವರ್ಷ ಹೊತ್ತುಹೊತ್ತಿಗೆ ಸೈರನ್ ಕೂಗಿಸಿದ ಕೈಗೆ ಈಗ ಪಂಚಾಂಗ ಸಿಕ್ಕಿ, ನವಗ್ರಹಗಳನ್ನೂ ಮೂರು ಶಿಫ್ಟಿನಲ್ಲಿ ದುಡಿಸುತ್ತಿದ್ದರು. ಅವರು ಫೋನ್ ಮಾಡಿದರು.

"ಯಾವತ್ತೋ ಹೊರಡೋದು?"

"ಭಾನುವಾರ ಮಾವ."

"ಯಾವ ದಿಕ್ಕು?"

"ಪಶ್ಚಿಮ."

ಆ ಕಡೆ ಎಷ್ಟು ಹೊತ್ತು ಸದ್ದಿಲ್ಲವೆಂದರೆ, ಕರೆನ್ಸಿ ಮುಗಿಯಿತೋ ಮಾವನೇ ಮುಗಿದರೋ ಎಂದು ನಿರಂಜನ ಗಾಬರಿಯಾದ.

"ಭಾನುವಾರ ಪಶ್ಚಿಮಕ್ಕೆ ಶೂಲ ಮಾರಾಯ! ಆ ದಿಕ್ಕಿಗೆ ಹೊರಡಕೂಡದು!"

"ಮಾವ, ನಾವು ಹೋಗೋದು ಎತ್ತಿನ ಗಾಡೀಲಲ್ಲ. ವಿಮಾನ! ಅಲ್ಯೂಮಿನಿಯಂ ತಗಡು! ಅದಕ್ಕೆ ಯಾವ ಶೂಲ ಚುಚ್ಚುತ್ತೆ?"

"ತಗಡೇ ಕಣೋ ಬೇಗ ತೂತಾಗೋದು" ಎಂದು ಮಾವ ಫೋನಿಟ್ಟರು.

ತೂತು ಎಂಬ ಮಾತನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಮರೆತುಬಿಡುತ್ತಿದ್ದರು. ನಿರಂಜನ ಪೈಪಿನವನು. ತೂತು ಹೇಗೆ ಸೂಜಿಮೊನೆಯಷ್ಟು ಶುರುವಾಗಿ ಗೋಡೆಯನ್ನೇ ತಿನ್ನುತ್ತದೆಂದು ಇಪ್ಪತ್ತೈದು ವರ್ಷದಿಂದ ಗಿರಾಕಿಗಳಿಗೆ ಪಾಠ ಹೇಳಿದವನು. ಹನ್ನೊಂದು ಗಂಟೆ ಎಲ್ಲೂ ನಿಲ್ಲದ ವಿಮಾನ ಎಂದು ಹೆಮ್ಮೆಪಟ್ಟಿದ್ದ ಮಾತೇ ಈಗ, ಹನ್ನೊಂದು ಗಂಟೆ ಎಲ್ಲೂ ಇಳಿಯುವ ಹಾಗಿಲ್ಲ ಎಂದು ಕೇಳಿಸತೊಡಗಿತು. ಮೂರನೆಯ ದಿನ ಅಂಗಡಿಯ ಅಟ್ಟ ಹತ್ತಿ, ಎರಡು ಇಂಚಿನ ಪೈಪುಗಳ ನಡುವೆ ಕೂತು, ತಾನೇ ಮಾವನಿಗೆ ಫೋನ್ ಮಾಡಿದ.

"ಮಾವ, ನಾನೇನೂ ನಂಬಲ್ಲ. ಸುಮ್ನೆ ತಿಳ್ಕೊಳ್ಳೋಕೆ ಕೇಳ್ತಿದೀನಿ. ನಂಬೋರಾದ್ರೆ ಏನು ಮಾಡ್ತಾರೆ?"

"ಪ್ರಸ್ಥಾನ ಇಡ್ತಾರೆ."

ಪ್ರಸ್ಥಾನವೆಂದರೆ ಇಷ್ಟೇ. ಹೊರಡುವ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ದಿನವೇ ಒಂದು ಗಂಟು ಕಟ್ಟಿ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿಟ್ಟು ಬರುವುದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಯಾವ ಕೆಟ್ಟ ಗಳಿಗೆಯಲ್ಲಿ ಬೇಕಾದರೂ ಹೋಗಿ ಅದನ್ನೆತ್ತಿಕೊಂಡು ಮುಂದುವರಿಯಬಹುದು. ಶೂಲ ಬಂದು ನೋಡುವಷ್ಟರಲ್ಲಿ ಆಸಾಮಿ ಮೊದಲೇ ಹೊರಟಾಗಿರುತ್ತದೆ.

"ಕೆಂಪು ಬಟ್ಟೆ. ಒಳಗೆ ಅಕ್ಷತೆ, ಅರಿಶಿನದ ಕೊಂಬು, ಒಂದು ಗಿಟುಕು ಕೊಬ್ಬರಿ. ಜೊತೆಗೆ, ಯಾವುದಿಲ್ಲದೆ ನೀನು ಪ್ರಯಾಣ ಮಾಡೋಕೇ ಆಗಲ್ವೋ ಅಂಥದ್ದೊಂದು ವಸ್ತು. ಒಂದು ಸಲ ಇಟ್ಟ ಮೇಲೆ ಗಂಟು ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರಕೂಡದು. ತಿಳೀತಾ?"

"ತಿಳೀತು. ಮಾವ, ಒಂದು ಮಾತು. ಭವಾನಿಗೆ ಗೊತ್ತಾಗಬಾರದು."

ಅವಳಿಗೆ ತಿಳಿದರೆ ಇಪ್ಪತ್ತಾರು ವರ್ಷದ ಶರಬತ್ತಿಗೆಲ್ಲ ಜವಾಬು ಕೊಡಬೇಕಾಗುತ್ತಿತ್ತು. ವಿಮಾನ ಬಿದ್ದರೆ ಒಂದೇ ಸಲ ಸಾಯುವುದು, ಭವಾನಿಗೆ ಸಿಕ್ಕಿಬಿದ್ದರೆ ದಿನಾ ತಿಂಡಿಯ ಹೊತ್ತಿಗೊಮ್ಮೆ. ನಿರಂಜನ ಎರಡರಿಂದಲೂ ಪಾರಾಗುವ ಯೋಜನೆ ಹಾಕಿದ.

ಬುಧವಾರ ಬೆಳಿಗ್ಗೆ "ಒಂದು ಕಡೆ ನಲ್ಲಿ ಸೋರ್ತಿದೆಯಂತೆ" ಎಂದು ಹೆಂಡತಿಗೆ ಹೇಳಿ, ಭದ್ರಾವತಿ ರಸ್ತೆಯ ಮಲವಗೊಪ್ಪಕ್ಕೆ ಹೋದ. ಹಿಂದೆ ಹೊಸಮನೆಯಲ್ಲಿ ಪಕ್ಕದ ಮನೆಯಲ್ಲಿದ್ದ ಈಶ್ವರಮ್ಮ ಈಗ ಅಲ್ಲಿದ್ದರು. ಗಂಟಿನೊಳಗೆ, ಯಾವುದಿಲ್ಲದೆ ಪ್ರಯಾಣ ಸಾಧ್ಯವೇ ಇಲ್ಲವೋ ಅಂಥ ವಸ್ತುವಾಗಿ, ಅವನ ಪಾಸ್‌ಪೋರ್ಟೇ ಇತ್ತು. ಬಿ.ಎಸ್ಸಿ. ಓದಿದವನ ತರ್ಕ ಅದು, ಎಲ್ಲೂ ತಪ್ಪಿರಲಿಲ್ಲ.

"ಎಲ್ಲಿಗಪ್ಪ ಹೊರಟಿದ್ದು?"

"ಲಿಸ್ಬನ್ನಿಗೆ, ಈಶ್ವರಮ್ಮ."

"ಬನ್ನಿಗಾ? ಬನ್ನಿಗೆ ಅಷ್ಟು ದೂರ ಯಾಕಪ್ಪ? ನಿಮ್ಮ ಗಾಂಧಿ ಬಜಾರಲ್ಲೇ ಬಿಸಿಬಿಸಿ ಸಿಗುತ್ತಲ್ಲ!"

ವಿಷಯ ತಿಳಿದ ಮೇಲೆ ಅವರು ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಮಂಚದ ಮೇಲೆ ದಿಂಬಿಟ್ಟು ಕೂರಿಸಿದರು. "ಫ್ಯಾನ್ ಹಾಕ್ಲಾ?" ಎಂದು ಗಂಟನ್ನೋ ನಿರಂಜನನನ್ನೋ ಕೇಳಿದರು. ನಿರಂಜನ ಹೊರಗೆ ಬಂದು, ಗಂಟು ಕೂತ ಜಾಗವನ್ನು ಮಾವನಿಗೆ ಫೋನಿನಲ್ಲಿ ವರದಿ ಮಾಡಿದ.

ಶುಕ್ರವಾರ ಕಂಪನಿಯಿಂದ ಸಂದೇಶ ಬಂತು. ಪ್ರಯಾಣ ಒಂದು ವಾರ ಮುಂದಕ್ಕೆ ಹೋಗಿದೆ, ಬರುವ ವಾರದ ಭಾನುವಾರಕ್ಕೆ. ನಿರಂಜನ ನಿಶ್ಚಿಂತೆಯಿಂದ ಇದ್ದ. ತಾನು ಹೇಗೂ ಹೊರಟಾಗಿದೆಯಲ್ಲ! ಮಂಗಳವಾರ ಭದ್ರಾವತಿಯ ಪೈಪ್ ಡೀಲರು, ಅವನ ಗೆಳೆಯ ಪರಮೇಶ್ ಫೋನ್ ಮಾಡಿದ. "ಗುರೂ, ನಾಳೆ ಮಧ್ಯಾಹ್ನದೊಳಗೆ ವೀಸಾ ಪೇಜಿನ ಫೋಟೋ ಕಳಿಸ್ಬೇಕಂತೆ. ಕಳಿಸದೇ ಇದ್ರೆ ಪಟ್ಟಿಯಿಂದ ಹೆಸರು ಹಾರುತ್ತೆ, ಹೆಂಡ್ತಿದೂ ಸೇರಿಸಿ."

ಇನ್ನೊಂದು ನಲ್ಲಿ ಸೋರಿಸಿ ನಿರಂಜನ ಮಲವಗೊಪ್ಪಕ್ಕೆ ಓಡಿದ.

"ಅಯ್ಯೋ, ನೀವು ಹೋಗ್ಲಿಲ್ವಾ?" ಎಂದರು ಈಶ್ವರಮ್ಮ. "ನಿಮ್ಮ ಗಂಟು ಹೋಯ್ತಲ್ಲ!"

"ಎಲ್ಲಿಗೆ?"

"ಐದು ದಿನದ ಮೇಲೆ ಒಂದೇ ಮನೇಲಿ ಕೂರಬಾರದಂತೆ. ನಿನ್ನೆ ನಿಮ್ಮ ಮಾವ ಬಂದು ಭದ್ರಾವತಿಗೆ ಕರ್ಕೊಂಡು ಹೋದ್ರು. ನನಗೆ ಅಳೂನೇ ಬಂತಪ್ಪ. ಐದು ದಿನ ಇತ್ತು, ಒಂದು ಮಾತಿಲ್ಲ, ಒಂದು ತಕರಾರಿಲ್ಲ, ಕಾಫಿಗೆ ಸಕ್ಕರೆ ಜಾಸ್ತಿ ಅನ್ನಲಿಲ್ಲ. ನಿಮಗಿಂತ ವಾಸಿ."

ಭದ್ರಾವತಿಯಲ್ಲಿ ಹಿರಿಯಣ್ಣನವರು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಮುಖದಲ್ಲಿ ಕರ್ತವ್ಯ ಮುಗಿಸಿದವರ ಕಳೆ.

"ಮಾವ, ಗಂಟು ಕೊಡಿ."

"ಬೆಂಗಳೂರು ಬಸ್ಸಿಗೆ ಹಾಕಿದೀನಿ."

"ಬಸ್ಸಿಗಾ? ಒಳಗೆ ಪಾಸ್‌ಪೋರ್ಟ್ ಇದೆ ಮಾವ!"

"ಇರ್ಲಿ. ನೀನು ಇಲ್ಲೇ ಕೂತಿದೀಯಾ ಅಂತ ಗಂಟೂ ಕೂರೋಕಾಗುತ್ತಾ? ಅದಕ್ಕೂ ಒಂದು ಮರ್ಯಾದೆ ಬೇಡ್ವಾ? ಮುಂದಕ್ಕೆ ಸಾಗ್ತಾ ಇರಬೇಕು. ಕಂಡಕ್ಟರ್ ಲಿಂಗಪ್ಪ ನಮ್ಮವನೇ, ಬೆಂಗಳೂರಲ್ಲಿ ನಿನ್ನ ಕೈಗೇ ಕೊಡ್ತಾನೆ. ನಾನ್‌ಸ್ಟಾಪ್ ಬಸ್ಸು."

"ನಾನ್‌ಸ್ಟಾಪ್ ಬಸ್ಸು ಭದ್ರಾವತೀಲಿ ಹೇಗೆ ನಿಲ್ತು?"

"ಟೀಗೆ ನಿಲ್ಲುತ್ತಪ್ಪ. ಟೀ ಕುಡಿಯೋದು ಸ್ಟಾಪಲ್ಲ."

"ಮಾವ, ಬಸ್ಸು ದಿನಾ ಬೆಂಗಳೂರಿಗೆ ಹೋಗಿ ದಿನಾ ವಾಪಸ್ ಬರುತ್ತೆ. ಗಂಟು ಹಿಂದಕ್ಕೆ ಬರಬಾರದು ಅಂತ ನೀವೇ ಹೇಳಿದ್ರಿ!"

ಹಿರಿಯಣ್ಣನವರು ಅಡಿಕೆಹೋಳನ್ನು ಬಾಯಿಗೆ ಹಾಕಿಕೊಂಡು, ಮೂವತ್ತೈದು ವರ್ಷದ ಸರ್ವಿಸನ್ನು ಒಂದೇ ಉಸಿರಿನಲ್ಲಿ ತೋರಿಸಿದರು. "ಅದನ್ನ ಯೋಚನೆ ಮಾಡದೆ ಇರ್ತೀನಾ? ಬರುವಾಗ ಗಂಟಿನ ಮುಖ ಬೆಂಗಳೂರ ಕಡೆಗೇ ತಿರುಗಿಸಿ ಇಡು ಅಂತ ಲಿಂಗಪ್ಪನಿಗೆ ಹೇಳಿದೀನಿ. ಬಸ್ಸು ಹಿಂದೆ ಬರಬಹುದು, ಗಂಟು ಬರಲ್ಲ."

ಮರುದಿನ ಬೆಳಿಗ್ಗೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿರಂಜನ ಲಿಂಗಪ್ಪನನ್ನು ಹಿಡಿದ. ಗಂಟು ಕಂಡಕ್ಟರ್ ಸೀಟಿನ ಕೆಳಗೆ ಹಾಯಾಗಿತ್ತು, ಆಗಲೇ ಬೆಂಗಳೂರಿಗೆ ಹೋಗಿಬಂದ ಗಾಂಭೀರ್ಯ ಅದಕ್ಕೆ ಬಂದಿತ್ತು.

"ಅದು ನಂದು, ಕೊಡಪ್ಪ."

"ನಿಮ್ದೇ ಅನ್ನೋಕೆ ಪ್ರೂಫ್ ತೋರಿಸಿ ಸಾರ್."

"ಪ್ರೂಫ್ ಅದರೊಳಗಿದೆ."

"ಹಂಗಾದ್ರೆ ಆಗಲ್ಲ ಸಾರ್. ಬೆಂಗಳೂರಲ್ಲೇ ಕೊಡ್ಬೇಕು ಅಂತ ಯಜಮಾನ್ರು ಅಕ್ಷತೆ ಮೇಲೆ ಆಣೆ ಇಡಿಸಿದಾರೆ. ನನಗೂ ಎರಡು ಮಕ್ಕಳವೆ."

ಕೊನೆಗೆ ಲಿಂಗಪ್ಪ ಕರಗಿದ. ಗಂಟಿನ ಬಾಯಿ ಸಡಿಲಿಸಿ, ಎರಡು ಬೆರಳಲ್ಲಿ ಪಾಸ್‌ಪೋರ್ಟ್ ಹಿಡಿದು ವೀಸಾ ಪುಟ ತೆರೆದು, "ಮುಟ್ಟಂಗಿಲ್ಲ, ಫೋಟೋ ಹೊಡ್ಕೊಳ್ಳಿ" ಎಂದ. ಕಂಪನಿಗೆ ಹೋದ ಆ ಫೋಟೋದಲ್ಲಿ ಪೋರ್ಚುಗಲ್ಲಿನ ವೀಸಾದ ಮೇಲೆ ಲಿಂಗಪ್ಪನ ಹೆಬ್ಬೆರಳು ಮುದ್ರೆ ಒತ್ತಿದ ಹಾಗೆ ಕೂತಿತ್ತು.

ಶನಿವಾರ ಭವಾನಿಯನ್ನು ಕರೆದುಕೊಂಡು ನಿರಂಜನ ಅದೇ ಬಸ್ಸು ಹತ್ತಿದ. ಕಾರಿನಲ್ಲಿ ಹೋಗೋಣವೆಂದು ಹೇಳಿದ್ದವನು ಏಕಾಏಕಿ ಬಸ್ಸಿನ ಗುಣಗಾನ ಮಾಡಿದ್ದು ಭವಾನಿಗೆ ವಿಚಿತ್ರವೆನಿಸಿತು. ಭದ್ರಾವತಿ ದಾಟುವಾಗ ಲಿಂಗಪ್ಪ ಹಿಂದೆ ತಿರುಗಿ, "ಸಾರ್, ನಿಮ್ಮದು ಕಾಲಡಿಗೆ ಬೆಚ್ಚಗಿದೆ!" ಎಂದು ಕೂಗಿದ.

"ಏನ್ರೀ ಅದು?"

"ಪೈಪಿನ ಸ್ಯಾಂಪಲ್ಲು."

"ಕೆಂಪು ಬಟ್ಟೆ ಯಾಕೆ ಕಟ್ಟಿದಾರೆ?"

"ಬಿಸಿನೀರಿನ ಪೈಪು. ಕೆಂಪು ಬಟ್ಟೆ ಕಟ್ಟೋದು ರೂಢಿ."

ಭವಾನಿ ಬಟ್ಟೆಯ ಮೇಲಿನ ಅರಿಶಿನದ ಕಲೆಯನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ಅವಳು ಅಷ್ಟು ಬೇಗ ಒಪ್ಪಿಕೊಂಡದ್ದನ್ನು ಬೇರೆ ಗಂಡಂದಿರಾದರೆ ಅನುಮಾನಿಸುತ್ತಿದ್ದರು. ಬೆಂಗಳೂರಿನಲ್ಲಿ ಗಂಟು ಕೈಗೆ ಬಂತು, ಮರುದಿನ ವಿಮಾನ ನಿಲ್ದಾಣದಲ್ಲಿ ಭವಾನಿಗೆ ಬೆನ್ನು ತಿರುಗಿಸಿ ಪಾಸ್‌ಪೋರ್ಟನ್ನು ಅದರೊಳಗಿಂದ ತೆಗೆದ. ತಪಾಸಣೆಯಲ್ಲಿ ಕೊಬ್ಬರಿ ಬೇಗ ಬೆಂಕಿ ಹತ್ತುವ ಪದಾರ್ಥವೆಂದು ಗಿಟುಕನ್ನು ತೆಗೆದಿಟ್ಟುಕೊಂಡರು. "ಕೆಮ್ಮಿಗೆ ಇಟ್ಕೊಂಡಿದ್ದೆ" ಎಂದ ನಿರಂಜನ. "ಕೊಬ್ಬರಿ ತಿಂದ್ರೆ ಕೆಮ್ಮು ಬರುತ್ತೆ, ಹೋಗಲ್ಲ" ಎಂದಷ್ಟೇ ಹೇಳಿ ಭವಾನಿ ಮುಂದೆ ನಡೆದಳು.

ಹನ್ನೊಂದು ಗಂಟೆಯ ಪ್ರಯಾಣದಲ್ಲಿ ನಿರಂಜನ ವಿಮಾನದ ಒಳಮೈಯನ್ನು ಪರೀಕ್ಷಿಸಿದ. ಎಲ್ಲಿ ಜಾಯಿಂಟು, ಎಲ್ಲಿ ವಾಷರು, ಎಲ್ಲಿ ಗಾಳಿ ಸುಯ್ಯೆನ್ನುತ್ತದೆ ಎಂದು ಬೆರಳಿಟ್ಟು ನೋಡಿದ. ಅವನ ಸುತ್ತ ದಾವಣಗೆರೆ, ಹಾಸನ, ಹುಬ್ಬಳ್ಳಿಯ ಡೀಲರುಗಳು ಪುಳಿಯೋಗರೆಯ ಡಬ್ಬ ಬಿಚ್ಚಿ, ಇಸ್ಪೀಟು ಕಲಸಿ, ಆಮೇಲೆ ಗೊರಕೆ ಹೊಡೆದರು. ಶೂಲ ಬರಲಿಲ್ಲ. ವಿಮಾನ ಲಿಸ್ಬನ್ನಿನ ನೆಲ ಮುಟ್ಟಿದಾಗ ಕಾಲಡಿಯ ಗಂಟನ್ನು ಅವನು ಯಾರಿಗೂ ಕಾಣದಂತೆ ಒಮ್ಮೆ ತಟ್ಟಿದ.

ಲಿಸ್ಬನ್ನಿನಲ್ಲಿ ಮೊದಲ ದಿನವೇ ಒಂದು ಆಶ್ಚರ್ಯ ಕಾದಿತ್ತು. ನಿರಂಜನನ ಇಂಗ್ಲಿಷು ಅಲ್ಲಿ ಓಡಲಿಲ್ಲ, ಭವಾನಿಯ ಕನ್ನಡ ಓಡಿತು. ಕುಂದಾಪುರದ ಕಡೆಯ ಹೆಣ್ಣು ಅವಳು. ಹೋಟೆಲಿನ ಮುದುಕನೆದುರು ನಿರಂಜನ 'ರೂಮ್, ಓಪನ್, ಡೋರ್' ಎಂದು ಬೆವರುತ್ತಿದ್ದಾಗ ಭವಾನಿ ಸುಮ್ಮನೆ "ಚಾವಿ" ಎಂದಳು. ಮುದುಕ ಥಟ್ಟನೆ ಕೀಲಿಕೈ ಕೊಟ್ಟ. ಊಟದ ಅಂಗಡಿಯಲ್ಲಿ "ಬಟಾಟೆ" ಎಂದಳು, ತಟ್ಟೆ ತುಂಬ ಆಲೂಗಡ್ಡೆ ಬಂತು. "ಸಾಬೂನು" ಎಂದಳು, ಸೋಪು ಬಂತು. ಐನೂರು ವರ್ಷದ ಹಿಂದೆ ಇವರು ನಮ್ಮ ಕರಾವಳಿಗೆ ತಂದುಕೊಟ್ಟ ಮಾತುಗಳನ್ನು ಅವಳು ಒಂದೊಂದಾಗಿ ವಾಪಸ್ ಮಾಡುತ್ತಿದ್ದಳು. ಉಳಿದ ಡೀಲರುಗಳ ಹೆಂಡಿರು ಅವಳ ಹಿಂದೆ ಸಾಲುಗಟ್ಟಿದರು. ಕಂಪನಿಯ ಪ್ರವಾಸದ ಉಸ್ತುವಾರಿಗೆ ಬಂದಿದ್ದ ಬೆಂಗಳೂರಿನ ಹುಡುಗಿ ರಶ್ಮಿ ಕೂಡ, "ಭವಾನಿ ಆಂಟಿ, ಮೆಣಸಿಗೆ ಏನಂತ ಕೇಳೋದು?" ಎನ್ನತೊಡಗಿದಳು.

ಮಂಚದಗಲದ ಬೀದಿಗಳಲ್ಲಿ ಹಳದಿ ಟ್ರಾಮು ಗೋಡೆಗೆ ಹೆಗಲು ತಾಗಿಸುತ್ತ ಏರಿತು. ಮನೆಗಳ ಹೊರಗೋಡೆಗೆಲ್ಲ ನೀಲಿ ಟೈಲು. "ಬಚ್ಚಲಿಗೆ ಹಾಕೋದನ್ನ ಬೀದಿಗೆ ಹಾಕಿದಾರಲ್ಲ ಗುರೂ!" ಎಂದು ಪರಮೇಶ್ ವ್ಯಾಪಾರದ ಕಣ್ಣಿಂದ ನಿಟ್ಟುಸಿರಿಟ್ಟ. ನಾಲ್ಕು ದಿನ ಹೀಗೆ ಸುಖವಾಗಿ ಕಳೆಯಿತು. ಗುರುವಾರ ಮಾವನ ವಾಟ್ಸಾಪ್ ಕರೆ ಬಂತು. ನಿರಂಜನ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮಾತಾಡಿದ.

"ವಾಪಸ್ ಯಾವತ್ತೋ?"

"ಶನಿವಾರ."

"ಬರೋದು ಪೂರ್ವಕ್ಕೆ. ಶನಿವಾರ ಪೂರ್ವಕ್ಕೆ ಶೂಲ!"

"ಮಾವ, ಇಲ್ಲಿ ಯಾರ ಮನೇಲಿ ಇಡ್ಲಿ? ನನಗಿಲ್ಲಿ ಈಶ್ವರಮ್ಮ ಇಲ್ಲ."

"ನೀರಿನ ದಂಡೆ ನಡೆಯುತ್ತೆ. ನಾಳೆ ಮೂರು ಹತ್ತಕ್ಕೆ ಒಳ್ಳೆ ಹೋರೆ, ಶುಭ ಗಳಿಗೆ. ಭದ್ರಾವತಿ ಟೈಮು. ಪಾಸ್‌ಪೋರ್ಟ್ ಬೇಡ, ಬುದ್ಧಿ ಬಂತಲ್ಲ? ಮೈಮೇಲಿರೋದನ್ನ ಇಡು."

ಭದ್ರಾವತಿಯ ಮೂರು ಹತ್ತೆಂದರೆ ಲಿಸ್ಬನ್ನಿನಲ್ಲಿ ಬೆಳಿಗ್ಗೆ ಹತ್ತು ನಲವತ್ತು. ಶುಕ್ರವಾರ ಆ ಹೊತ್ತಿಗೆ ತಂಡವೆಲ್ಲ ನದಿಯ ದಂಡೆಯಲ್ಲಿ, ಹಡಗಿನ ಮೂತಿಯ ಆಕಾರದ ದೊಡ್ಡ ಕಲ್ಲಿನ ಸ್ಮಾರಕದ ಕೆಳಗಿತ್ತು. ಹನ್ನೊಂದೂವರೆಗೆ ದೋಣಿ ಹತ್ತಿ ನದಿ ಕಡಲು ಸೇರುವಲ್ಲಿಗೆ ಹೋಗುವುದಿತ್ತು. ಇಡೀ ಪ್ರವಾಸದಲ್ಲಿ ಭವಾನಿ ಕಾದಿದ್ದು ಅದೊಂದಕ್ಕೇ. "ನಮ್ಮೂರ ಸಮುದ್ರದ ಆಚೆ ದಡ ಹೇಗಿದೆ ನೋಡ್ಬೇಕು" ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿದ್ದಳು. ಅದು ಬೇರೆ ಸಮುದ್ರ ಎಂದು ನಿರಂಜನ ತಿದ್ದಿದ್ದಕ್ಕೆ, "ಉಪ್ಪಿರುತ್ತಲ್ಲ, ಸಾಕು" ಎಂದಿದ್ದಳು.

ಗೈಡ್ ಹೆಂಗಸು ಹೇಳುತ್ತಿದ್ದುದನ್ನು ರಶ್ಮಿ ಕನ್ನಡಕ್ಕೆ ತಿರುಗಿಸುತ್ತಿದ್ದಳು. "ವಾಸ್ಕೋ ಡ ಗಾಮ ಇಂಡಿಯಾಕ್ಕೆ ಹೊರಟಿದ್ದು ಇಲ್ಲಿಂದಲೇ. ಹೊರಡೋ ಹಿಂದಿನ ದಿನ ಅವನೂ ಅವನ ಜನರೂ ಇಲ್ಲೇ ಒಂದು ಪುಟ್ಟ ಗುಡಿಗೆ ಬಂದು ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದ್ರಂತೆ."

'ಪ್ರಸ್ಥಾನ!' ಎಂದು ನಿರಂಜನ ಒಳಗೊಳಗೇ ಕುಣಿದ. 'ಗಾಮನೂ ನಮ್ಮವನೇ!' ಆ ಉತ್ಸಾಹದಲ್ಲಿ ಮೆಲ್ಲಗೆ ಹಿಂದೆ ಸರಿದು, ಸ್ಮಾರಕದ ಬುಡದಲ್ಲಿ, ಸರಿಯಾಗಿ ಹತ್ತು ನಲವತ್ತಕ್ಕೆ, ಕೆಂಪು ಗಂಟನ್ನಿಟ್ಟು ಬಂದ. ಒಳಗೆ ಉಳಿದ ಅಕ್ಷತೆ, ಅರಿಶಿನದ ಕೊಂಬು, ಬೆಳಿಗ್ಗೆ ಕಳಚಿದ ಬನೀನು ಮತ್ತು ಕೈಗಡಿಯಾರ.

ಕೈಗಡಿಯಾರ ಡಿಜಿಟಲ್. ಗಂಟೆಗೊಮ್ಮೆ ಕೂಗುವ ಜಾತಿ. ಹನ್ನೊಂದಕ್ಕೆ ಸರಿಯಾಗಿ ವಾರಸುದಾರರಿಲ್ಲದ ಕೆಂಪು ಗಂಟೊಂದು 'ಪೀಂ ಪೀಂ' ಎಂದಿತು.

ಯುರೋಪಿನಲ್ಲಿ ವಾರಸುದಾರರಿಲ್ಲದ ಗಂಟು ಎಂದರೆ ಬಾಂಬು ಎಂದು ಆಗ ಗೊತ್ತಾಯಿತು. ಯಾವಳೋ ಕಿರುಚಿದಳು. ಸೀಟಿ ಕೂಗಿತು. ನಾಲ್ಕೂ ಕಡೆಯಿಂದ ಪೊಲೀಸರು ಬಂದು ಜನರನ್ನು ಹಿಂದೆ ತಳ್ಳಿ ಪಟ್ಟಿ ಕಟ್ಟಿದರು. ದೋಣಿಗಳು ನಿಂತವು. ಎತ್ತರದ ಪೊಲೀಸ್ ಹೆಂಗಸೊಬ್ಬಳು ಮೂರು ಭಾಷೆಯಲ್ಲಿ, ಇದು ಯಾರದು ಎಂದು ಕೂಗಿದಳು.

"ಯಾವನೋ ಹುಚ್ಚು ನನ್ಮಗ ಇಟ್ಟು ಹೋಗಿದಾನೆ ಗುರೂ" ಎಂದ ಪರಮೇಶ್.

"ಇರಬಹುದು" ಎಂದ ನಿರಂಜನ.

"ಇವತ್ತು ದೋಣಿ ಇಲ್ವಂತೆ" ಎಂದಳು ರಶ್ಮಿ. ಭವಾನಿಯ ಮುಖ ಸಣ್ಣದಾಯಿತು. ಆ ಸಣ್ಣ ಮುಖವನ್ನು ನೋಡಿ ನಿರಂಜನ ನಿಜ ಹೇಳಲು ಬಾಯಿ ತೆರೆದ. ಅದನ್ನು ಕೇಳುವವಳು ಭವಾನಿಯೆಂದು ನೆನಪಾಗಿ ಮುಚ್ಚಿದ. ಮತ್ತೆ ತೆರೆದ. ಅಷ್ಟರಲ್ಲಿ ದಪ್ಪ ಕವಚ ತೊಟ್ಟವನೊಬ್ಬ ಉದ್ದನೆಯ ಕೋಲಿನಿಂದ ಗಂಟು ಬಿಚ್ಚಿ, ಒಳಗಿದ್ದುದನ್ನು ತುದಿಗೆ ಸಿಕ್ಕಿಸಿ ಎತ್ತಿದ. ಐನೂರು ವರ್ಷದ ಹಿಂದೆ ಹಡಗುಗಳು ಪತಾಕೆ ಏರಿಸಿದ ಜಾಗದಲ್ಲಿ, ಕಡಲಗಾಳಿಗೆ ಪಟಪಟ ಎನ್ನುತ್ತ, ಗಾಂಧಿ ಬಜಾರಿನ ತೋಳಿಲ್ಲದ ಬನೀನು ಹಾರಾಡಿತು. ಬೆನ್ನಿನಲ್ಲಿ ತೂತು, ತೂತಿಗೆ ನೀಲಿ ದಾರದ ಹೊಲಿಗೆ.

"ಅಯ್ಯೋ!" ಎಂದಳು ಭವಾನಿ. "ಅದು ನಮ್ಮನೆಯವ್ರ ಬನೀನು! ಹೋದ ತಿಂಗಳು ನಾನೇ ಹೊಲಿದಿದ್ದು!"

ನಲವತ್ತೆಂಟು ಡೀಲರುಗಳೂ ಅವರ ಹೆಂಡಿರೂ ಒಟ್ಟಿಗೆ ನಿರಂಜನನ ಕಡೆ ತಿರುಗಿದರು. ಪೊಲೀಸ್ ಹೆಂಗಸು ಬಂದು ನಿಂತಳು. ನಡುವೆ ರಶ್ಮಿ ದುಭಾಷಿಯಾದಳು, ಪಾಪ.

"ಚೀಲ ಯಾಕೆ ಬಿಟ್ಟೆ ಅಂತ ಕೇಳ್ತಿದಾರೆ ಸಾರ್."

"ಹೊರಡೋಕೆ."

"ಎಲ್ಲಿಗೆ?"

"ಊರಿಗೆ. ನಾಳೆ."

"ನಾಳೆ ಹೊರಡೋದಾದ್ರೆ ಇವತ್ತು ಯಾಕೆ ಇಟ್ರಿ?"

"ಇವತ್ತೇ ಹೊರಟಿದೀನಿ ಅಂತ ಲೆಕ್ಕ."

"ಹೊರಟಿದ್ರೆ ಇಲ್ಯಾಕೆ ಇದೀರಾ, ಅಂತಾರೆ."

"ನಾನಿಲ್ಲ. ಹೊರಟಾಯ್ತು. ಇಲ್ಲಿರೋದು... ಬಾಕಿ."

ಇಷ್ಟನ್ನೂ ರಶ್ಮಿ ಯಾವ ಇಂಗ್ಲಿಷಿನಲ್ಲಿ ಹೇಳಿದಳೋ, ಪೊಲೀಸ್ ಹೆಂಗಸು ಅವನ ಬಾಯಿಯ ಹತ್ತಿರ ಮೂಗು ತಂದು ಕುಡಿದಿದ್ದಾನೆಯೇ ಎಂದು ನೋಡಿದಳು. ಕೊನೆಗೆ ಗೈಡ್ ಹೆಂಗಸು ನಡುವೆ ಬಂದು ಗಾಮನ ಗುಡಿಯ ಕಡೆ ಕೈತೋರಿಸಿ ಏನೋ ವಿವರಿಸಿದಳು. ಗಡಿಯಾರ ವಾಪಸ್ ಬಂತು. ಬನೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ, ಪುರಾವೆಗೆಂದು ಒಯ್ದರು. ಇನ್ನೊಮ್ಮೆ ಏನನ್ನಾದರೂ ಬಿಟ್ಟುಹೋದರೆ ಒಳಗೆ ಹಾಕುವುದಾಗಿ ಎಚ್ಚರಿಸಿ, ದೋಣಿಗಳನ್ನು ಬಿಟ್ಟರು.

ದೋಣಿಯಲ್ಲಿ ಎಲ್ಲರೂ ನಕ್ಕರು. ಪರಮೇಶ್ ಎದ್ದು ನಿಂತು, "ನಾನಿಲ್ಲ, ಹೊರಟಾಯ್ತು, ಇಲ್ಲಿರೋದು ಬಾಕಿ" ಎಂದು ನಿರಂಜನನ ಗಂಟಲಲ್ಲೇ ಅಣಕಿಸಿದ. ಭವಾನಿ ಮಾತ್ರ ನಗಲಿಲ್ಲ. ನದಿ ಅಗಲವಾಗುತ್ತ ಹೋಗಿ, ನೀರಿನ ಬಣ್ಣ ಬದಲಾಗಿ, ದೋಣಿ ಕಡಲಿನ ಉಬ್ಬರಕ್ಕೆ ಏರಿಳಿಯತೊಡಗಿತು.

"ಬೈದುಬಿಡು ಮಾರಾಯ್ತಿ" ಎಂದ ನಿರಂಜನ. "ನಿಂಬೆಹಣ್ಣಿಂದ ಶುರು ಮಾಡು."

"ಬೈಯೋಕೇನಿದೆ? ಬಸ್ಸಲ್ಲೇ ಗೊತ್ತಾಗಿತ್ತು. ಬಿಸಿನೀರಿನ ಪೈಪಿಗೆ ಯಾರ್ರೀ ಅರಿಶಿನ ಹಚ್ತಾರೆ?" ಎಂದಳು. ಗಾಳಿಗೆ ಹೆಗಲ ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. "ಒಂದು ಕೇಳ್ತೀನಿ. ಅವತ್ತು ಗಂಟಲ್ಲಿ ನಿಮ್ಮ ಪಾಸ್‌ಪೋರ್ಟ್ ಇತ್ತು. ನಂದು?"

"ನಿಂದು ಬೀರೂಲಿತ್ತಲ್ಲ."

"ಅದೇ. ಇವತ್ತು ನಿಮ್ಮ ಬನೀನಿತ್ತು, ವಾಚಿತ್ತು. ನಂದೇನಿತ್ತು?"

ನಿರಂಜನ ಮಣಿಕಟ್ಟಿನ ವಾಚನ್ನು ಅಂಗಿಯ ತೋಳಿನೊಳಗೆ ಸರಿಸಿದ.

"ವಿಮಾನಕ್ಕೆ ತೂತು ಬಿದ್ರೆ ನೀವೊಬ್ರೇ ಸುಖವಾಗಿ ಇಳಿಯೋದು. ಪಕ್ಕದ ಸೀಟಲ್ಲಿ ಕೂತಿರೋ ನಾನು ಬೀಳೋದು. ಅಲ್ವಾ?"

ಮೌಢ್ಯ ತಪ್ಪೆಂದು ನಿರಂಜನ ನೂರು ಕಡೆ ಹೇಳಿದ್ದ. ಒಬ್ಬನೇ ಮೂಢನಾಗುವುದು ಅದಕ್ಕಿಂತ ದೊಡ್ಡ ತಪ್ಪೆಂದು ಯಾರೂ ಹೇಳಿರಲಿಲ್ಲ. ಉಪ್ಪುನೀರಿನ ಹನಿ ಮುಖಕ್ಕೆ ಸಿಡಿದಾಗ ಅವನು ಒರೆಸಿಕೊಳ್ಳಲೂ ಇಲ್ಲ.

ಸಂಜೆ ಆರಕ್ಕೆ ತಂಡವೆಲ್ಲ ಸೂರ್ಯಾಸ್ತ ನೋಡಲು ಊರಾಚೆಯ ಸಮುದ್ರದಂಡೆಗೆ ಹೊರಟು, ಪ್ರವಾಸದ ಬಸ್ಸು ಹತ್ತಲು ಹೋಟೆಲಿನ ಬಾಗಿಲಲ್ಲಿ ನೆರೆದಿತ್ತು. ನಿರಂಜನ ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡ.

"ಭವಾನಿ, ನಿಂದೇನಾದ್ರೂ ಒಂದು ಕೊಡು. ಪ್ರಸ್ಥಾನ ಇಡ್ತೀನಿ."

ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಈಗ ಗಳಿಗೆ ಹೇಗಿದೆಯೋ. ಮಾವನ್ನ ಕೇಳಲ್ವಾ?"

"ಅವರು ಮಲಗಿರ್ತಾರೆ. ನೀನೇ ಹೇಳು."

"ಈಗ ಚೆನ್ನಾಗೇ ಇದೆ" ಎಂದು ಭವಾನಿ ಆಕಾಶವನ್ನೂ ನೋಡದೆ ಹೇಳಿ, ಹೆಗಲ ಮೇಲಿನ ಶಾಲನ್ನು ಮಡಿಸಿ ಕೊಟ್ಟಳು.

"ಸಾರ್, ಎಲ್ಲಾದ್ರೂ ಬಿಟ್ಟು ಬಂದ್ರೆ ಈ ಸಲ ಜೈಲೇ!" ಎಂದು ರಶ್ಮಿ ಬೇಡಿಕೊಂಡಳು.

"ಬಿಡಲ್ಲಮ್ಮ. ಜೊತೆಗೇ ಕೂತಿರ್ತೀನಿ. ಸೂರ್ಯ ನಮ್ಮೂರಲ್ಲೂ ಮುಳುಗ್ತಾನೆ."

ಹೋಟೆಲಿನ ಪೂರ್ವಕ್ಕೆ, ರಸ್ತೆಯಾಚೆ, ನೇರಳೆ ಹೂ ಉದುರುವ ಮರದ ಕೆಳಗೊಂದು ಕಲ್ಲುಬೆಂಚಿತ್ತು. ಅವನು ಶಾಲಿನ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕೂತ. ಬಸ್ಸು ಹೊರಡಲಿಲ್ಲ. ಹಾಸನದ ಡೀಲರನ ಹೆಂಡತಿ ಇಳಿದು ರಸ್ತೆ ದಾಟಿ ಬಂದಳು. "ಅಣ್ಣಾ, ಹೇಗೂ ಕೂತಿದೀರಲ್ಲ, ನಂದೂ ಒಂದು ಇಟ್ಕೊಳ್ಳಿ" ಎಂದು ಕರವಸ್ತ್ರದ ಗಂಟು ಕೊಟ್ಟಳು. ಅವಳ ಹಿಂದೆ ದಾವಣಗೆರೆಯವಳು, ಅವಳ ಹಿಂದೆ ಹುಬ್ಬಳ್ಳಿಯ ಅತ್ತೆ-ಸೊಸೆ. ಬಸ್ಸಿನಲ್ಲಿ ಕೂತು ನಕ್ಕ ಗಂಡಸರೂ ಒಬ್ಬೊಬ್ಬರಾಗಿ, ಸಿಗರೇಟಿಗೆ ಇಳಿದವರಂತೆ ಇಳಿದು ಬಂದರು. ಎಲ್ಲರಿಗಿಂತ ಕೊನೆಗೆ ಪರಮೇಶ್, ಆಚೀಚೆ ನೋಡಿ, ಜೇಬಿನಿಂದ ಒಂದು ಜೊತೆ ಕಾಲುಚೀಲ ತೆಗೆದ.

"ಗುರೂ, ನಾನೇನೂ ನಂಬಲ್ಲ. ಸುಮ್ನೆ ಇರ್ಲಿ ಅಂತ. ನನ್ನ ಹೆಂಡ್ತಿಗೆ ಹೇಳ್ಬೇಡ."

"ಅವಳದು ಆಗ್ಲೇ ಬಂದಿದೆ" ಎಂದು ನಿರಂಜನ ಬೆಂಚಿನ ಆ ತುದಿ ತೋರಿಸಿದ.

ಬಸ್ಸು ಹೊರಟಿತು. ಕಿಟಕಿಯಿಂದ ಭವಾನಿ ಕೈಬೀಸಿದಳು. ಹೊತ್ತು ಎಂಟಾದರೂ ಬಿಸಿಲಿನ್ನೂ ಬೀದಿಯಲ್ಲಿತ್ತು. ಆ ಬಿಸಿಲಿನಲ್ಲಿ, ಕಾಲುಚೀಲ, ಕರವಸ್ತ್ರ, ಹಲ್ಲುಸೆಟ್ಟಿನ ಡಬ್ಬ, ರವಿಕೆ, ಕನ್ನಡಕಗಳ ಅರವತ್ತೆರಡು ಗಂಟುಗಳ ನಡುವೆ, ಹೊಸಮನೆಯ ಪ್ರಖ್ಯಾತ ವಿಚಾರವಾದಿ ಬನೀನಿಲ್ಲದೆ ಕೂತಿದ್ದ.

ಬೆಳಿಗ್ಗೆಯ ಎತ್ತರದ ಪೊಲೀಸ್ ಹೆಂಗಸು ಗಸ್ತಿನಲ್ಲಿ ಬಂದವಳು ಅವನನ್ನು ನೋಡಿ ನಿಂತಳು. ಗಂಟುಗಳನ್ನು ನೋಡಿದಳು. ಕೈ ಸೊಂಟದ ಮೇಲೆ ಹೋಯಿತು. ನಿರಂಜನ ಎದ್ದು ನಿಂತು, ಒಂದೂ ಬಿಟ್ಟಿಲ್ಲವೆಂದು ತೋರಿಸಲು ಎರಡೂ ತೋಳು ಚಾಚಿ ಎಲ್ಲವನ್ನೂ ತಬ್ಬಿಕೊಂಡ.

"ಇವರೆಲ್ಲ ಎಲ್ಲಿ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

ನಿರಂಜನ ತನ್ನ ಬಿ.ಎಸ್ಸಿ. ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡ.

"ಎಲ್ಲರೂ ಊರಿಗೆ ಹೊರಟಾಯ್ತು ಮೇಡಂ. ಉಳಿದಿರೋದು ನಾನೊಬ್ಬನೇ."